ಎಂಎಸ್: ಲೀಷನ್ ಗಾತ್ರ 4.1ರಿಂದ 5.3 ಮಿ.ಲೀ. ಆಗಿದೆ, ಡಾಕ್ಟರ್ ಮಾತ್ರ 'ಹೊಸದೇನಿಲ್ಲ' ಅಂತಾರೆ. ಯಾವುದನ್ನು ನಂಬಲಿ?

ಪ್ರಶ್ನೆ

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮಿದುಳು ಮತ್ತು ಬೆನ್ನುಹುರಿಗೆ ಹಾನಿ ಮಾಡುವ ನರರೋಗ) ಇದೆ. ಕಳೆದ ವರ್ಷದ ಎಂಆರ್‌ಐ ಜೊತೆ ಸಾಫ್ಟ್‌ವೇರ್ ತಾನೇ ಅಳೆದು ಕೊಟ್ಟ ಒಂದು ಪುಟ ಬಂದಿತ್ತು. ಮಿದುಳಿನ ಲೀಷನ್‌ಗಳ (ರೋಗದಿಂದ ಹಾನಿಯಾದ ಕಲೆಗಳ) ಒಟ್ಟು ಗಾತ್ರ 4.1 ಮಿ.ಲೀ. ಎಂದಿತ್ತು. ಈ ಸಲ 5.3, ಪಕ್ಕದಲ್ಲಿ ಮೇಲ್ಮುಖದ ಕೆಂಪು ಬಾಣ. ಅದೇ ಸ್ಕ್ಯಾನ್ ನೋಡಿದ ರೇಡಿಯಾಲಜಿಸ್ಟ್ "ಹೊಸ ಲೀಷನ್ ಇಲ್ಲ" ಎಂದು ಬರೆದಿದ್ದಾರೆ. ನಡಿಗೆ, ದೃಷ್ಟಿ, ಕೈಗಳ ಹಿಡಿತ ಎಲ್ಲ ಮೊದಲಿನಂತೆಯೇ ಇವೆ. ಆದರೂ ಆ ಬಾಣ ನೋಡಿದಾಗಿನಿಂದ ಔಷಧ ಕೆಲಸ ಮಾಡುತ್ತಿಲ್ಲವೇನೋ ಎಂಬ ಭಯ. ಎರಡು ಸ್ಕ್ಯಾನ್ ಬೇರೆ ಬೇರೆ ಯಂತ್ರಗಳಲ್ಲಿ ಆದವು. ಅದರಿಂದಲೇ ಇಷ್ಟು ವ್ಯತ್ಯಾಸ ಬರಬಹುದೇ?

ಉತ್ತರ 1

ಧಾರಾಳವಾಗಿ ಬರಬಹುದು. ಇಂಥ ಸಾಫ್ಟ್‌ವೇರ್‌ಗಳ ತರಬೇತಿಗಾಗಿ ಫ್ಲೇರ್ ಎಂಬ ಬಗೆಯ ಎಂಆರ್‌ಐ ಚಿತ್ರಗಳ ಮೇಲೆ ಲೀಷನ್‌ಗಳಿಗೆ ಗೆರೆ ಎಳೆಯುವುದು ನನ್ನ ಕೆಲಸ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಫ್ಲೇರ್‌ನಲ್ಲಿ ಮಿದುಳಿನ ಕುಹರಗಳೊಳಗಿನ ದ್ರವ ಕಪ್ಪಾಗಿ, ಲೀಷನ್ ಬೆಳ್ಳಗೆ ಕಾಣುತ್ತದೆ. ಆ ಬಿಳುಪು ಒಂದೆಡೆ ಥಟ್ಟನೆ ನಿಲ್ಲುವುದಿಲ್ಲ, ಸುತ್ತಲಿನ ಬೂದು ಬಣ್ಣದೊಳಗೆ ಕರಗುತ್ತ ಹೋಗುತ್ತದೆ. ಗೆರೆ ಎಲ್ಲಿ ಎಳೆಯಬೇಕೆಂಬುದೇ ಇಡೀ ಕಷ್ಟ. ಲೆಕ್ಕ ಹಾಕಿ ನೋಡಿ: 6 ಮಿ.ಮೀ. ವ್ಯಾಸದ ದುಂಡನೆಯ ಲೀಷನ್‌ನ ಗಾತ್ರ ಸುಮಾರು 113 ಘನ ಮಿ.ಮೀ. ಗೆರೆಯನ್ನು ಸುತ್ತಲೂ ಒಂದೇ ಒಂದು ಮಿ.ಮೀ. ಹೊರಗೆ ಸರಿಸಿದರೆ ಅದು ಸುಮಾರು 268 ಆಗುತ್ತದೆ. ಲೀಷನ್ ಒಂದಿಷ್ಟೂ ಬೆಳೆಯದೆ ಅಂಕಿ ಎರಡು ಪಟ್ಟು ದಾಟಿತು!

ಮನುಷ್ಯರಿಗೂ ಇದು ಸುಲಭವಲ್ಲ. 2016ರಲ್ಲಿ ಮಿಕ್ಕೈ ಎಂಬ ವೈದ್ಯಕೀಯ ಚಿತ್ರ ವಿಶ್ಲೇಷಣೆಯ ಸಮ್ಮೇಳನದ ಸ್ಪರ್ಧೆಯೊಂದಕ್ಕೆ 53 ರೋಗಿಗಳ ಸ್ಕ್ಯಾನ್‌ಗಳ ಮೇಲೆ 7 ತಜ್ಞರು ಬೇರೆ ಬೇರೆಯಾಗಿ ಗುರುತು ಹಾಕಿದ್ದರು. ಗುರುತುಗಳು ಒಂದಕ್ಕೊಂದು ಪೂರ್ತಿ ಹೊಂದದ ಕಾರಣ ಏಳನ್ನೂ ಸೇರಿಸಿ ಒಂದು ಒಮ್ಮತದ ಗುರುತು ಮಾಡಿಕೊಂಡರು. ಅದರ ಮುಂದೆ ಸಾಫ್ಟ್‌ವೇರ್‌ಗಳು ತಜ್ಞರಿಗಿಂತ ಹಿಂದೆಯೇ ಬಿದ್ದವು. ಆಮೇಲೆ ಸಾಫ್ಟ್‌ವೇರ್‌ಗಳು ಸುಧಾರಿಸಿವೆ, ನಿಜ. ಆದರೆ ಯಂತ್ರ ಬದಲಾದರೆ ಅಂಕಿ ಬದಲಾಗುವ ತೊಂದರೆ ಇನ್ನೂ ಹೋಗಿಲ್ಲ.

ನಿಮ್ಮ ಸಿ.ಡಿ.ಯಲ್ಲಿರುವ ಫೈಲ್‌ಗಳ ಮಾಹಿತಿಯಲ್ಲಿ ಎರಡು ವಿಷಯ ನೋಡಿ ಹೇಳಿ: ಯಂತ್ರ ಎಷ್ಟು ಟೆಸ್ಲಾ (ಅದರ ಅಯಸ್ಕಾಂತದ ಬಲ), ಫ್ಲೇರ್‌ನ ಒಂದೊಂದು ಸ್ಲೈಸ್ (ಚಿತ್ರದ ಪದರ) ದಪ್ಪ ಎಷ್ಟು.

ಉತ್ತರ 2

ನಮ್ಮ ಅಣ್ಣನಿಗೂ ಎಂಎಸ್. ಒಂದು ಮಾತು ಸೇರಿಸುತ್ತೇನೆ. ಆ ಪುಟದಲ್ಲಿರುವುದು ಮಿದುಳಿನ ಲೆಕ್ಕ ಮಾತ್ರ, ಬೆನ್ನುಹುರಿ ಅದರಲ್ಲಿ ಸೇರಿಲ್ಲ. ಅಣ್ಣನ ಕಾಲಿನ ತೊಂದರೆಗೆಲ್ಲ ಕಾರಣ ಬೆನ್ನುಹುರಿಯ ಒಂದು ಪುಟ್ಟ ಲೀಷನ್. ಎಷ್ಟು ಮಿ.ಲೀ. ಎಂಬುದಕ್ಕಿಂತ ಎಲ್ಲಿ ಎಂಬುದೇ ನಮಗೆ ದೊಡ್ಡದಾಯಿತು. ನಿಮ್ಮ ನಡಿಗೆ, ದೃಷ್ಟಿ ಚೆನ್ನಾಗಿದೆ ಎಂದು ಬರೆದಿದ್ದೀರಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಹಳೆಯದು 1.5 ಟೆಸ್ಲಾ, ಸ್ಲೈಸ್ 5 ಮಿ.ಮೀ. ಹೊಸದು 3 ಟೆಸ್ಲಾ, 1 ಮಿ.ಮೀ. ಹಾಗಾದರೆ ಹಳೆಯ ಸ್ಕ್ಯಾನನ್ನೇ ಮತ್ತೆ ಸಾಫ್ಟ್‌ವೇರ್‌ಗೆ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ 1

ಆಗುವುದಿಲ್ಲ. 5 ಮಿ.ಮೀ. ದಪ್ಪದ ಸ್ಲೈಸ್‌ನಲ್ಲಿ 3 ಮಿ.ಮೀ.ನ ಲೀಷನ್ ತನ್ನ ಮೇಲೆ ಕೆಳಗಿನ ಆರೋಗ್ಯವಂತ ಅಂಗಾಂಶದ ಜೊತೆ ಬೆರೆತು ಮಸುಕಾಗುತ್ತದೆ, ಸಾಫ್ಟ್‌ವೇರ್ ಅದನ್ನು ಬಿಟ್ಟುಬಿಡುತ್ತದೆ. ಸ್ಕ್ಯಾನ್‌ನಲ್ಲಿ ದಾಖಲಾಗದ್ದನ್ನು ಆಮೇಲೆ ತರಲು ಬರುವುದಿಲ್ಲ. ಹೊಸ ಯಂತ್ರದಲ್ಲಿ ಅಂಥ ಹಳೆಯ ಚಿಕ್ಕ ಲೀಷನ್‌ಗಳು ಮೊದಲ ಸಲ ಎಣಿಕೆಗೆ ಸಿಕ್ಕಿರಬಹುದು. ರೇಡಿಯಾಲಜಿಸ್ಟ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಹಳೆಯದರಲ್ಲಿ ಅದೇ ಜಾಗದಲ್ಲಿ ಮಸುಕು ಕಂಡರೆ 'ಹೊಸದಲ್ಲ' ಎನ್ನುತ್ತಾರೆ. ನಿಮ್ಮ ವಿಷಯದಲ್ಲಿ ನಾನು ಆ ವರದಿಗೇ ಹೆಚ್ಚು ಬೆಲೆ ಕೊಡುತ್ತೇನೆ. ಔಷಧದ ತೀರ್ಮಾನ ನರರೋಗ ತಜ್ಞರದ್ದು; ಈ ಬಾಣ ನೋಡಿ ನೀವಾಗಿಯೇ ನಿಲ್ಲಿಸುವುದು, ಬದಲಿಸುವುದು ದಯವಿಟ್ಟು ಬೇಡ.

5.3 ಅನ್ನು ಹೊಸ ಆರಂಭದ ಅಂಕಿ ಎಂದುಕೊಳ್ಳಿ. ಮುಂದಿನ ಸ್ಕ್ಯಾನ್ ಇದೇ ಯಂತ್ರದಲ್ಲಿ, ಇದೇ 1 ಮಿ.ಮೀ. ಸ್ಲೈಸ್‌ನ 3ಡಿ ಫ್ಲೇರ್‌ನಲ್ಲಿ ಆಗಲಿ ಎಂದು ಈಗಲೇ ಕೇಳಿ. ಎಂಎಸ್‌ಗೆ 3ಡಿ ಫ್ಲೇರ್ ಬಳಸಿ ಎಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ, ಹಾಗಾಗಿ ಇದು ಅತಿಯಾದ ಬೇಡಿಕೆಯೇನಲ್ಲ. ಆಗ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ, ಒಂದರಿಂದ ಇನ್ನೊಂದನ್ನು ಕಳೆದು ನೋಡಬಹುದು. ಹೊಸ ಲೀಷನ್ ಬಂದಿದ್ದರೆ ಅದು ಒಟ್ಟು ಗಾತ್ರಕ್ಕಿಂತ ಅಲ್ಲಿ ಎಷ್ಟೋ ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು. ಸಾಫ್ಟ್‌ವೇರ್ ಲೀಷನ್ ಎಂದು ಬಣ್ಣ ಹಚ್ಚಿದ ಚಿತ್ರ ಆ ಪುಟದ ಜೊತೆ ಇದ್ದರೆ ಡಾಕ್ಟರ್ ಜೊತೆ ಕೂತು ನೋಡಿ. ಕುಹರದೊಳಗೆ ದ್ರವ ತಯಾರಿಸುವ ಕೋರಾಯ್ಡ್ ಪ್ಲೆಕ್ಸಸ್ ಎಂಬ ಅಂಗಾಂಶ, ಕಿರುಮಿದುಳಿನ ಹತ್ತಿರ ರಕ್ತದ ಹರಿವಿನಿಂದ ಮೂಡುವ ಬಿಳಿ ಗುರುತು, ಇವೆರಡನ್ನೂ ಲೀಷನ್ ಎಂದು ಎಣಿಸಿರುವುದನ್ನು ನಾನು ಆಗಾಗ ತಿದ್ದುತ್ತಿರುತ್ತೇನೆ. ಆ ಚಿತ್ರ ಇಲ್ಲದಿದ್ದರೆ ಸ್ಕ್ಯಾನ್ ಕೇಂದ್ರದವರನ್ನು ಕೇಳಿ, ಸಾಮಾನ್ಯವಾಗಿ ಅವರ ಬಳಿ ಉಳಿದಿರುತ್ತದೆ.