ಭರಣಿಯೊಳಗೊಂದು ಮೀನು ಬೇಕಂತೆ!

ನಾಣಿಯ ಹೊಸ ಯೋಜನೆ: 4 ಲೀಟರಿನ ಗಾಜಿನ ಭರಣಿ, ಕೆರೆ ನೀರು, ಒಂದು ಗಪ್ಪಿ ಮೀನು, ಬಿಗಿ ಮುಚ್ಚಳ. ಆಮೇಲೆ ತೆಗೆಯೋ ಹಾಗಿಲ್ಲ, ತಿನ್ನೋಕೆ ಹಾಕೋ ಹಾಗಿಲ್ಲ.

ಸೀನ: ಜೈಲಲ್ಲಾದ್ರೂ ಎರಡು ಹೊತ್ತು ಊಟ ಕೊಡ್ತಾರೆ ಕಣೋ.

ನಾಣಿ: ಊಟ ಒಳಗೇ ಬೆಳೆಯುತ್ತೆ. ಬೆಳಕಿಂದ ಪಾಚಿ. ಪಾಚಿನ ಡಾಫ್ನಿಯಾ ತಿನ್ನುತ್ತೆ, ಅದೇ, ನೀರಲ್ಲಿ ಚಿಗಟದ ಥರ ಕುಪ್ಪಳಿಸುತ್ತಲ್ಲ. ಡಾಫ್ನಿಯಾನ ಮೀನು ತಿನ್ನುತ್ತೆ. ಆಹಾರ ಸರಪಳಿ!

ಗಿರಿಜಕ್ಕ: ಸರಪಳಿ ಸರಿ, ಲೆಕ್ಕ ಹಾಕಿದ್ಯಾ? 10,000 ಜೂಲ್ ಬೆಳಕು ಬಿತ್ತು ಅಂತಿಟ್ಕೋ, ಜೂಲ್ ಅಂದ್ರೆ ಶಕ್ತಿಯ ಅಳತೆ. ಹಸಿರು ಹಿಡಿದಿಡೋದು ಶೇ 1ರ ಆಸುಪಾಸು, ಅಂದ್ರೆ 100. ಡಾಫ್ನಿಯಾ ಮೈಗೆ ಹತ್ತೋದು 10. ಮೀನಿನ ಮೈಗೆ 1.

ಸೀನ: ಮಿಕ್ಕಿದ್ದನ್ನ ಯಾರು ನುಂಗಿದ್ರು?

ಗಿರಿಜಕ್ಕ: ಕೆಲವನ್ನ ಯಾರೂ ತಿನ್ನೋದೇ ಇಲ್ಲ, ಕೊಳೆಯುತ್ತೆ. ತಿಂದದ್ದೂ ಪೂರ್ತಿ ದಕ್ಕಲ್ಲ. ಕಂಬಳಿಹುಳು 200 ಜೂಲಿನಷ್ಟು ಎಲೆ ತಿಂದರೆ ಸುಮಾರು 100 ಹಿಕ್ಕೆಯಲ್ಲೇ ಹೋಯ್ತು. 67ರಷ್ಟು ಉಸಿರಾಟಕ್ಕೆ ಸುಟ್ಟು ಶಾಖ ಆಯ್ತು. ಮೈಯಾಗಿ ಉಳಿಯೋದು 33. ಬಿಸಿರಕ್ತದ ಸಸ್ತನಿಗಳದಂತೂ ಇನ್ನೂ ದುಂದುಗಾರಿಕೆ: ಜೀರ್ಣಿಸಿಕೊಂಡದ್ದರಲ್ಲಿ ಶೇ 1ರಿಂದ 3 ಮೈಗೆ, ಉಳಿದದ್ದು ಮೈ ಬೆಚ್ಚಗಿಡೋಕೆ, ಓಡಾಡೋಕೆ.

ಮೂರ್ತಿ: ಆ ಹತ್ತನೇ ಒಂದು ಭಾಗ ಅನ್ನೋದನ್ನ ಶಿಲಾಶಾಸನ ಅಂದ್ಕೋಬೇಡಿ. 1942ರಲ್ಲಿ ಲಿಂಡೆಮನ್ ಅನ್ನೋ ಅಮೆರಿಕದ ಪರಿಸರ ವಿಜ್ಞಾನಿ ಸರೋವರಗಳ ಲೆಕ್ಕ ಇಟ್ಟು ಈ ದಾರಿ ತೋರಿಸಿದ. ನಿಜದಲ್ಲಿ ಶೇ 5ರಿಂದ 20ರವರೆಗೂ ಹೊಯ್ದಾಡುತ್ತೆ.

ನಾಣಿ: ಮತ್ತೆ ಇಂಗ್ಲೆಂಡ್–ಫ್ರಾನ್ಸ್ ನಡುವಿನ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ತೇಲೋ ಸೂಕ್ಷ್ಮ ಸಸ್ಯಗಳಿಗಿಂತ ಅವನ್ನ ತಿನ್ನೋ ಪ್ರಾಣಿಗಳ ತೂಕವೇ ಜಾಸ್ತಿಯಂತೆ? ಕೆಳಗೆ ಸಸ್ಯ ಜಾಸ್ತಿ, ಮೇಲೆ ತಿನ್ನೋರು ಕಮ್ಮಿ ಅನ್ನೋ ನಿಮ್ಮ ಪಿರಮಿಡ್ ತಲೆಕೆಳಗಾಯ್ತಲ್ಲ!

ಮೂರ್ತಿ: ತಲೆಕೆಳಗಾಗಿದ್ದು ತೂಕದ ಪಿರಮಿಡ್, ಶಕ್ತಿಯದ್ದಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಈಗ ಎಷ್ಟಿದೆ ಅನ್ನೋದು ಬೇರೆ, ದಿನಕ್ಕೆಷ್ಟು ವ್ಯಾಪಾರ ಅನ್ನೋದು ಬೇರೆ. ಆ ಸಸ್ಯಗಳು ಕೆಲವೇ ದಿನಕ್ಕೆ ದುಪ್ಪಟ್ಟಾಗುತ್ತವೆ, ಆದಂತೆಲ್ಲ ಖಾಲಿಯೂ ಆಗುತ್ತವೆ.

ಸೀನ: ತುದೀಲಿ ಕೂತೋರಿಗೆ ಸಿಗೋದು ಇಷ್ಟೇ ಚಿಲ್ಲರೆ ಅಂದ್ಮೇಲೆ ಅವರಿದ್ರೆಷ್ಟು, ಬಿಟ್ರೆಷ್ಟು?

ಗಿರಿಜಕ್ಕ: ಅಲ್ಲೇ ಎಡವಿದೆ ನೋಡು. ಅಮೆರಿಕದ ವಾಷಿಂಗ್ಟನ್ ಕರಾವಳಿಯಲ್ಲಿ ರಾಬರ್ಟ್ ಪೇನ್ ಅನ್ನೋ ಪರಿಸರ ವಿಜ್ಞಾನಿ ಬಂಡೆ ಮೇಲಿನ ನಕ್ಷತ್ರ ಮೀನುಗಳನ್ನ ಕಿತ್ತು ಕಿತ್ತು ಎಸೆದ. ಅವು ತಿನ್ನುತ್ತಿದ್ದ ಕಪ್ಪೆಚಿಪ್ಪು ಬಂಡೆಯನ್ನೇ ಆಕ್ರಮಿಸಿತು. 15 ಪ್ರಭೇದ ಇದ್ದ ಜಾಗದಲ್ಲಿ 8 ಉಳಿದವು. 1966ರಲ್ಲಿ ಪ್ರಕಟವಾಯ್ತು. ಶಕ್ತಿಯ ಪಾಲು ಚಿಕ್ಕದು, ಹಿಡಿತ ದೊಡ್ಡದು.

ನಾಣಿ: ಹಾಗಾದ್ರೆ ನನ್ನ ಭರಣಿಗೂ ಮೀನು ಬೇಕೇ ಬೇಕು!

ಮೂರ್ತಿ: ಬಂಡೆ ಮೇಲೆ ತಿಂದಷ್ಟೂ ಮತ್ತೆ ಸಮುದ್ರದಿಂದ ಕಪ್ಪೆಚಿಪ್ಪಿನ ಮರಿ ಬಂದು ಅಂಟ್ಕೊಳ್ಳುತ್ತೆ ಮಾರಾಯ. ನಿನ್ನ ಭರಣಿಗೆ ಎಲ್ಲಿಂದ ಬರ್ಬೇಕು? ಗಪ್ಪಿ ಇರೋ ಬರೋ ಡಾಫ್ನಿಯಾನೆಲ್ಲ ನುಂಗುತ್ತೆ. ಮೇಯೋರಿಲ್ಲದೆ ಪಾಚಿ ಉಕ್ಕಿ ನೀರು ಹಸಿರು ಗಂಜಿ. ರಾತ್ರಿ ಬೆಳಕಿಲ್ಲ, ಪಾಚಿಯೂ ಆಮ್ಲಜನಕ ಎಳೆಯುತ್ತೆ, ಮೀನೂ ಎಳೆಯುತ್ತೆ. ಬೆಳಗ್ಗೆ ಮೀನು ಅಂಗಾತ.

ಗಿರಿಜಕ್ಕ: ಮೀನು ಬಿಡು. ತಳಕ್ಕೆ 2–3 ಸೆಂ.ಮೀ. ಕೆರೆ ಕೆಸರು ಹಾಕು. ಮುಕ್ಕಾಲು ಭಾಗ ನೀರು, ಕಾಲು ಭಾಗ ಗಾಳಿ. ನೀರೊಳಗೆ ಬೆಳೆಯೋ ಹೈಡ್ರಿಲ್ಲಾ ಗಿಡ ಒಂದು ಹಿಡಿ, ಸಣ್ಣ ಬಸವನಹುಳು ಎರಡು, ಡಾಫ್ನಿಯಾ ಹತ್ತೋ ಹನ್ನೆರಡೋ. ಒಂದು ವಾರ ಮುಚ್ಚಳ ಸಡಿಲ ಬಿಟ್ಟು ನೋಡು. ನೀರು ಬೆಳ್ಳಗೆ ಮಂಕಾಗಿ ನಾರಿದರೆ ಕೊಳೆಯೋದು ಜಾಸ್ತಿಯಾಗಿದೆ ಅಂತ. ಸತ್ತ ಎಲೆ ತೆಗೆದು ಅರ್ಧ ನೀರು ಬದಲಿಸು. ತಿಳಿಯಾದ್ರೆ ಬಿಗಿ. ನೇರ ಬಿಸಿಲಿಗಿಟ್ಟರೆ ಬೇಯುತ್ತೆ, ಕಿಟಕಿ ಪಕ್ಕದ ನೆರಳು ಸಾಕು.

ಸೀನ: ಒಂದು ತಿಂಗಳು ಬೀರುವಿನಲ್ಲಿಟ್ಟು ಬೀಗ ಹಾಕಿದ್ರೆ?

ಗಿರಿಜಕ್ಕ: ಸಾರಜನಕ, ರಂಜಕ, ಇಂಗಾಲ ಒಳಗೊಳಗೇ ಸುತ್ತುತ್ತವೆ, ಬ್ಯಾಕ್ಟೀರಿಯಾ ಹಿಕ್ಕೆಯನ್ನ ಮತ್ತೆ ಗೊಬ್ಬರ ಮಾಡುತ್ತೆ. ಶಕ್ತಿ ಹಾಗಲ್ಲ. ಶಾಖವಾಗಿ ಗಾಜು ದಾಟಿ ಹೋದದ್ದು ವಾಪಸ್ ಬರಲ್ಲ. ದಿನಾ ಹೊಸ ಬೆಳಕು ಬೇಕು. ಕತ್ತಲಲ್ಲಿ ಗಿಡವೂ ಉಳಿಯಲ್ಲ, ಹುಳುವೂ ಉಳಿಯಲ್ಲ.

ನಾಣಿ: ಅಲ್ಲಕ್ಕ, ಬಂದೋರಿಗೆ ತೋರಿಸೋಕೆ ಎರಡು ಬಸವನಹುಳುನಾ?

ಮೂರ್ತಿ: ಮುಚ್ಚಳ ಬಿಗಿಯೋ ಮುಂಚೆ ಒಂದು ಡಾಫ್ನಿಯಾನ ಮೈಕ್ರೋಸ್ಕೋಪಿಗೆ ಹಾಕು, 40 ಪಟ್ಟು ಸಾಕು. ಮೈ ಪಾರದರ್ಶಕ. ಗುಂಡಿಗೆ ಪಟಪಟ ಬಡಿಯೋದು, ಹೊಟ್ಟೆಯಲ್ಲಿ ಹಸಿರು ಪಾಚಿ ಇಳಿಯೋದು ಎರಡೂ ಕಾಣುತ್ತೆ.

ಸೀನ: ತಿಂದದ್ದು ಬಚ್ಚಿಡೋಕೂ ಆಗದ ಜೀವ! ಪಾಪ.