ನಯೋಬಿಯಂ ಡೋಪ್ ಮಾಡಿದ ಟೈಟಾನಿಯಾ: ವೋಲ್ಟೇಜ್ ಜೊತೆಗೆ ಕರೆಂಟೂ ಇಳಿಯುವುದೇಕೆ?

ಪ್ರಶ್ನೆ – ಅನಟೇಸ್
ಡೈ ಸೆನ್ಸಿಟೈಸ್ಡ್ (ಬಣ್ಣ ಬೆಳಕು ಹೀರಿ ಟೈಟಾನಿಯಾಕ್ಕೆ ಎಲೆಕ್ಟ್ರಾನ್ ಕೊಡುವ) ಸೋಲಾರ್ ಸೆಲ್‌ಗೆಂದು ಸೋಲ್-ಜೆಲ್ (ದ್ರಾವಣವನ್ನು ಜೆಲ್ ಆಗಿಸುವ) ವಿಧಾನದಲ್ಲಿ ಶೇ. 5 (ಮೋಲ್) ನಯೋಬಿಯಂ ಸೇರಿಸಿದ (ಡೋಪ್ ಮಾಡಿದ) ಟೈಟಾನಿಯಾ, ಅಂದರೆ ಟೈಟಾನಿಯಂ ಡೈಆಕ್ಸೈಡ್, ಮಾಡಿದ್ದೇನೆ. ಎಫ್‌ಟಿಒ ಗಾಜು (ವಿದ್ಯುತ್ ಹರಿಸುವ ಲೇಪನದ್ದು), ಎನ್719 ಡೈ (ರುಥೀನಿಯಂ ಬಣ್ಣ), ಅಯೋಡೈಡ್ ಎಲೆಕ್ಟ್ರೊಲೈಟ್, 500 ಡಿಗ್ರಿಯಲ್ಲಿ ಅರ್ಧ ಗಂಟೆ ಸಿಂಟರಿಂಗ್ (ಕಣಗಳು ಬೆಸೆಯುವಂತೆ ಕಾಯಿಸುವುದು). ಓಪನ್ ಸರ್ಕ್ಯೂಟ್ ವೋಲ್ಟೇಜ್ 0.72ರಿಂದ 0.61 ವೋಲ್ಟ್‌ಗೆ ಬಂದಿದೆ. ಕರೆಂಟ್ ಏರಬೇಕಿತ್ತು, ಅದೂ ಇಳಿದಿದೆ. ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ತೋರಿಸುವ ಎಕ್ಸ್-ಕಿರಣ ಪರೀಕ್ಷೆ) ಅನಟೇಸ್ (ಟೈಟಾನಿಯಾದ ಒಂದು ಹರಳು ರೂಪ) ಬಿಟ್ಟು ಬೇರೇನೂ ಕಾಣುತ್ತಿಲ್ಲ.

ಸೋಲ್‌ಜೆಲ್
ವೋಲ್ಟೇಜ್ ಇಳಿದದ್ದು ದೋಷವಲ್ಲ. ನಯೋಬಿಯಂ ಟೈಟಾನಿಯಾದ ಕಂಡಕ್ಷನ್ ಬ್ಯಾಂಡನ್ನು (ಎಲೆಕ್ಟ್ರಾನ್ ಹರಿಯುವ ಶಕ್ತಿಮಟ್ಟವನ್ನು) ಕೆಳಗೆ ತರುತ್ತದೆ. ಅಯೋಡೈಡ್‌ನ ರೆಡಾಕ್ಸ್ ಮಟ್ಟ (ಅದು ಎಲೆಕ್ಟ್ರಾನ್ ಕೊಟ್ಟು ಪಡೆಯುವ ಶಕ್ತಿಮಟ್ಟ) ಇದ್ದಲ್ಲೇ ಇರುತ್ತದೆ, ನಡುವಿನ ಅಂತರ, ಅದರೊಂದಿಗೆ ವೋಲ್ಟೇಜ್, ಕುಗ್ಗುತ್ತದೆ. ಬದಲಿಗೆ ಡೈಯಿಂದ ಎಲೆಕ್ಟ್ರಾನ್ ಸುಲಭವಾಗಿ ಇಳಿದುಬರಬೇಕು. ಅದು ಆಗಿಲ್ಲ ಎಂದರೆ ಮೊದಲ ಗುಮಾನಿ ಪ್ರಮಾಣದ ಮೇಲೆ. ಶೇ. 5 ಅತಿಯಾಯಿತು, ಹೆಚ್ಚುವರಿ ದೋಷಗಳು ರೀಕಾಂಬಿನೇಷನ್‌ಗೆ (ಎಲೆಕ್ಟ್ರಾನ್ ಹೊರಗೆ ಹರಿಯದೆ ವಾಪಸ್ ಎಲೆಕ್ಟ್ರೊಲೈಟ್‌ಗೋ ಡೈಗೋ ಸೇರುವುದಕ್ಕೆ) ದಾರಿ ಮಾಡುತ್ತವೆ. ಶೇ. 0.5, 1, 2 ಹೀಗೆ ಹೋಗಿ. 10 ಮಿಲಿಲೀಟರ್ ಟೈಟಾನಿಯಂ ಐಸೊಪ್ರೊಪಾಕ್ಸೈಡ್‌ಗೆ (ಸುಮಾರು 34 ಮಿಲಿಮೋಲ್) ಶೇ. 1 ಎಂದರೆ ನಯೋಬಿಯಂ ಈಥಾಕ್ಸೈಡ್ ಬರೀ 0.11 ಗ್ರಾಂ, ಅಂದಾಜು 85 ಮೈಕ್ರೊಲೀಟರ್.

ಪುಡಿಪರೀಕ್ಷೆ
ಎಕ್ಸ್‌ಆರ್‌ಡಿಯನ್ನು ಅಷ್ಟು ನಂಬಬೇಡಿ. ಅನಟೇಸ್ ಹರಳಿನ ಜಾಲಕದೊಳಗೆ ಸೇರದ ನಯೋಬಿಯಂ 500 ಡಿಗ್ರಿಯಲ್ಲಿ ಹರಳುಗಟ್ಟದೆ ಉಳಿದಿರಬಹುದು, ಅದಕ್ಕೆ ಪೀಕ್ ಬರುವುದಿಲ್ಲ. 25.3 ಡಿಗ್ರಿಯ ಪೀಕ್ ಎಡಕ್ಕೆ ಸರಿದಿದೆಯೇ ನೋಡಿ. ನಯೋಬಿಯಂ ಅಯಾನು ಟೈಟಾನಿಯಂಗಿಂತ ತುಸು ದೊಡ್ಡದು, ಒಳಗೆ ಸೇರಿದ್ದರೆ ಪೀಕ್ ಎಡಕ್ಕೆ ಸರಿಯಬೇಕು. ಪೀಕ್ ಸ್ಥಾನ ಹೋಲಿಸಲು ಸಿಲಿಕಾನ್ ಪುಡಿ ಬೆರೆಸಿಯೇ ಅಳೆಯಿರಿ, ಇಲ್ಲದಿದ್ದರೆ ಸ್ಯಾಂಪಲ್ ಎತ್ತರದ ವ್ಯತ್ಯಾಸವೇ ಪೀಕ್ ಸರಿದಂತೆ ತೋರಿಸುತ್ತದೆ.

ಬೆರೆಸುವ ಕ್ರಮವೂ ಮುಖ್ಯ. ಎರಡೂ ಆಲ್ಕಾಕ್ಸೈಡ್‌ಗಳನ್ನು ಒಣ ಐಸೊಪ್ರೊಪನಾಲ್‌ನಲ್ಲಿ ಅಸಿಟೈಲ್ ಅಸಿಟೋನ್ (ನೀರಿನೊಡನೆ ಪ್ರತಿಕ್ರಿಯೆಯನ್ನು ನಿಧಾನಿಸುವುದು) ಜೊತೆ ಅರ್ಧ ಗಂಟೆ ಕಲಕಿ, ಆಮೇಲಷ್ಟೇ ನೀರನ್ನು ಹನಿಹನಿಯಾಗಿ ಬಿಡಿ. ನೀರು ಬಿದ್ದ ಕೂಡಲೇ ಬಿಳಿ ಗರಣೆ ಕಂಡರೆ ಆ ಬ್ಯಾಚ್ ಚೆಲ್ಲಿಬಿಡಿ. ಈಥಾಕ್ಸೈಡ್ ಬದಲು ನಯೋಬಿಯಂ ಕ್ಲೋರೈಡ್ ಆದರೆ ಗಾಳಿಯ ತೇವಕ್ಕೇ ಹೊಗೆಯಾಡುತ್ತದೆ. ಮಳೆಗಾಲದಲ್ಲಿ ಗ್ಲೋವ್ ಬಾಕ್ಸ್ ಇಲ್ಲದೆ ಅದರ ತೂಕ ನಂಬುವಂತಿಲ್ಲ.

ಕತ್ತಲೆಕರೆಂಟ್
ಡೋಪಿಂಗನ್ನು ದೂರುವ ಮುನ್ನ ಎರಡೂ ಫಿಲ್ಮ್‌ಗಳ ದಪ್ಪ ಒಂದೇ ಇದೆಯೇ ಅಳೆಯಿರಿ. ಆಮೇಲೆ ಡೈ ಎಷ್ಟು ಹಿಡಿದಿದೆ ನೋಡಿ: 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ (ನೀರು, ಎಥನಾಲ್ ಸಮಸಮ) ದ್ರಾವಣದಲ್ಲಿ ಡೈ ಬಿಡಿಸಿ, 510 ನ್ಯಾನೊಮೀಟರ್ ಆಸುಪಾಸಿನಲ್ಲಿ ಅಬ್ಸಾರ್ಬೆನ್ಸ್ (ಬೆಳಕು ಹೀರುವ ಪ್ರಮಾಣ) ತೆಗೆದು, ವಿಸ್ತೀರ್ಣದಿಂದ ಭಾಗಿಸಿ. ಎಲೆಕ್ಟ್ರೋಡನ್ನು 80 ಡಿಗ್ರಿ ಬಿಸಿಯಿರುವಾಗಲೇ ಡೈಗೆ ಇಳಿಸಬೇಕು. ಪೂರ್ತಿ ಆರಿದರೆ ರಂಧ್ರಗಳು ತೇವ ಹೀರಿಕೊಳ್ಳುತ್ತವೆ.

ಡೈ ಅಷ್ಟೇ ಇದ್ದು ಕರೆಂಟ್ ಕಡಿಮೆ, ಡಾರ್ಕ್ ಕರೆಂಟ್ (ಬೆಳಕಿಲ್ಲದಾಗ ಹರಿಯುವ ಕರೆಂಟ್) ಹೆಚ್ಚು ಎಂದಾದರೆ ರೀಕಾಂಬಿನೇಷನ್ನೇ. ಎಲೆಕ್ಟ್ರೊಲೈಟ್‌ಗೆ ಟರ್ಟ್-ಬ್ಯೂಟೈಲ್ ಪಿರಿಡಿನ್ 0.5 ಮೋಲಾರ್ ಹಾಕಿದರೆ ವೋಲ್ಟೇಜ್ ಒಂದಿಷ್ಟು ವಾಪಸ್ ಬರುತ್ತದೆ. ಆದರೆ ಅದು ಬ್ಯಾಂಡನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ, ಹಾಗಾಗಿ ಡೋಪಿಂಗ್ ಪ್ರಮಾಣವನ್ನೂ ಇದನ್ನೂ ಒಟ್ಟಿಗೆ ಬದಲಿಸಬೇಡಿ.