ದಿವಾಳಿ ಆದ್ಮೇಲೆ ಮನೆ ಇನ್ಶೂರೆನ್ಸ್ ಮಾಡಿಸಿದವ್ರು ಯಾರಾದ್ರೂ ಇದ್ದೀರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬಿಸಿನೆಸ್ ಮುಳುಗಿ ಕೋರ್ಟಲ್ಲಿ ದಿವಾಳಿ ಅಂತ ಆಗಿತ್ತು, ಈಗ ಅದೆಲ್ಲ ಮುಗಿದು ಡಿಸ್ಚಾರ್ಜ್ ಆರ್ಡರ್ (ದಿವಾಳಿಯಿಂದ ಬಿಡುಗಡೆ ಅನ್ನೋ ಆದೇಶ) ಕೂಡ ಕೈಗೆ ಬಂದಿದೆ, ಪುಣ್ಯಕ್ಕೆ ಮನೆ ಉಳ್ಕೊಂಡಿದೆ. ಆದ್ರೆ ಆ ಕಷ್ಟದ ಟೈಮಲ್ಲಿ ಕಂತು ಕಟ್ಟಕ್ಕಾಗ್ದೆ ಹಳೇ ಪಾಲಿಸಿ ಲ್ಯಾಪ್ಸ್ ಆಗೋಯ್ತು, ಹೋಮ್ ಲೋನ್ ಇನ್ನೂ ಇದೆ, ಇನ್ಶೂರೆನ್ಸ್ ಇರ್ಲೇಬೇಕು ಅನ್ನೋದು ಲೋನ್ ಷರತ್ತು.

ಆನ್‌ಲೈನಲ್ಲಿ ಟ್ರೈ ಮಾಡಿದ್ರೆ "ಯಾವತ್ತಾದ್ರೂ ದಿವಾಳಿ ಆಗಿದ್ದೀರಾ" ಅಂತ ಕೇಳ್ತಾರೆ, ಹೌದು ಅಂತ ಒತ್ತಿದ ತಕ್ಷಣ ಕೊಡಕ್ಕಾಗಲ್ಲ ಅಂತ ಬರುತ್ತೆ. ಫ್ರೆಂಡ್ ಒಬ್ರು ಇಲ್ಲ ಅಂತ ಹಾಕ್ಬಿಡಿ ಯಾರು ನೋಡ್ತಾರೆ ಅಂದ್ರು. ನಂಗದು ಖಂಡಿತ ಬೇಡ, ನಾಳೆ ಬೆಂಕಿನೋ ಪ್ರವಾಹನೋ ಬಂದಾಗ ಮುಚ್ಚಿಟ್ಟಿದ್ದು ಗೊತ್ತಾದ್ರೆ ಕ್ಲೈಮ್ ರಿಜೆಕ್ಟ್ ಮಾಡಿ ಪಾಲಿಸಿನೇ ರದ್ದು ಮಾಡಬಹುದು, ಅಷ್ಟು ವರ್ಷ ಕಟ್ಟಿದ್ದೆಲ್ಲ ನೀರಲ್ಲಿ ಹೋಮ. ಇನ್ನೊಂದ್ಸಲ ಎಲ್ಲಾ ಕಳ್ಕೊಳ್ಳೋ ಶಕ್ತಿ ನಮ್ಮನೇಲಿ ಯಾರಿಗೂ ಇಲ್ಲ.

ಒಂದು ಕಂಪನಿಯವ್ರು ಫೋನಲ್ಲಿ ಕೊಡ್ತೀವಿ, ಆದ್ರೆ ತಿಂಗಳ ಕಂತು ಇಲ್ಲ, ವರ್ಷದ್ದು ಒಟ್ಟಿಗೆ ಕಟ್ಟಿ ಅಂದ್ರು. ಕಂತು ಅಂದ್ರೆ ಅದೂ ಒಂಥರಾ ಸಾಲನೇ ಅಲ್ವಾ, ಅದಕ್ಕೆ ಕ್ರೆಡಿಟ್ ಚೆಕ್ ಮಾಡ್ತಾರಂತೆ. ಪ್ರೀಮಿಯಂ ಇಳಿಸಕ್ಕೆ ಇನ್ಶೂರೆನ್ಸ್ ಮೊತ್ತ ಕಮ್ಮಿ ತೋರಿಸೋಣ ಅಂತ ಒಂದ್ಸಲ ಅನ್ನಿಸ್ತು, ಆದ್ರೆ ಮನೆ ಮತ್ತೆ ಕಟ್ಟೋ ಖರ್ಚಿಗಿಂತ ಕಮ್ಮಿ ಹಾಕಿದ್ರೆ ಕೆಲವು ಪಾಲಿಸೀಲಿ ಸಣ್ಣ ಕ್ಲೈಮಲ್ಲೂ ಎಷ್ಟು ಪಾಲು ಕಮ್ಮಿ ಹಾಕಿದ್ವೋ ಅದೇ ಲೆಕ್ಕದಲ್ಲಿ ಕಡಿತ ಮಾಡಬಹುದು ಅಂತ ಗೊತ್ತಾಗಿ ಬಿಟ್ಟೆ.

ಇಂಥ ಕೇಸ್ ನೋಡೋ ಬ್ರೋಕರ್ ಮೂಲಕ ಹೋದ್ರೆ ಅನುಕೂಲನಾ? ಡಿಸ್ಚಾರ್ಜ್ ಆರ್ಡರ್ ಕಾಪಿ ಮೊದ್ಲೇ ಕೊಟ್ರೆ ಒಪ್ತಾರಾ? ಮನೆ ನಮ್ಮಿಬ್ರ ಹೆಸರಲ್ಲಿದೆ, ಹೆಂಡ್ತಿ ಅರ್ಜಿ ಹಾಕಿದ್ರೂ ನನ್ನ ವಿಷಯ ಹೇಳ್ಬೇಕಲ್ವಾ? ಇದನ್ನ ದಾಟಿ ಬಂದವ್ರು ದಯವಿಟ್ಟು ಹೇಳಿ, ಮನೆಗೆ ಕವರ್ ಇಲ್ದೆ ರಾತ್ರಿ ನಿದ್ದೆ ಬರ್ತಿಲ್ಲ.